ತಾತನಿಗೆ ಕೇಳಿಸುವ ಪೀಪಿ

ಕನ್ನಡದಲ್ಲಿ ಈ ಸದ್ದಿಗೆ ಇರುವ ಹೆಸರು ಒಂದೆರಡಲ್ಲ. ತುಟಿ ಚೂಪು ಮಾಡಿ ಊದಿದರೆ, ಇಲ್ಲವೇ ಬೆರಳು ಮಡಿಸಿ ಬಾಯಿಗಿಟ್ಟು ಊದಿದರೆ ಅದು ಸಿಳ್ಳೆ. ಬಸ್ ಕಂಡಕ್ಟರದ್ದು ವಿಶಲ್. ಪೊಲೀಸರದ್ದು ಸೀಟಿ. ಕುಕ್ಕರಿನದ್ದು ಕೂಗು, ‘ಬೇಳೆಗೆ ಮೂರು ಕೂಗು ಸಾಕು’ ಅನ್ನುತ್ತಾರಲ್ಲ, ಹಾಗೆ. ಮಕ್ಕಳ ಕೈಗೆ ಬಂದಾಗ ಮಾತ್ರ ಅದು ಪೀಪಿ. ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಳ್ಳುವುದು ಪೀಪಿ. ಮರುದಿನ ಬೆಳಿಗ್ಗೆ ದೊಡ್ಡವರು ಕಾಣದ ಹಾಗೆ ಅಟ್ಟಕ್ಕೆ ಸೇರಿಸುವುದೂ ಅದನ್ನೇ!

ನನಗೀಗ 74 ವರ್ಷ. ಈ ವಯಸ್ಸಿನಲ್ಲಿ ನನ್ನ ಹತ್ತಿರ 11 ಮರದ ಪೀಪಿಗಳಿವೆ ಎಂದರೆ ಕೆಲವರು ನಗುತ್ತಾರೆ. ನಗಲಿ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ದಿನವಿಡೀ ಬೇರೆಯವರ ಹಣ ಎಣಿಸಿದ ಮೇಲೆ ನಾಣ್ಯದ ಮೇಲೆ ಅಂಥ ಆಸೆಯೇನೂ ಉಳಿಯುವುದಿಲ್ಲ. ನನ್ನ ಪೀಪಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಎಲ್ಲವೂ ಕೈಯಿಂದ ಮಾಡಿದವು. ಬಹುಪಾಲು ಚನ್ನಪಟ್ಟಣದವು.

ನಾನು ಹುಡುಗನಾಗಿದ್ದಾಗ ಪೀಪಿಗೆ ದುಡ್ಡು ಕೊಡುವ ಪದ್ಧತಿ ಕಡಿಮೆ. ಮಳೆಗಾಲದಲ್ಲಿ ತಿಪ್ಪೆಯ ಪಕ್ಕ ಮೊಳಕೆ ಬಂದ ಮಾವಿನ ಓಟೆಯನ್ನು ಹುಡುಕಿ, ಮೇಲಿನ ಚಿಪ್ಪು ಬಿಡಿಸಿ, ಒಳಗಿನ ಬೀಜವನ್ನು ಕಲ್ಲಿಗೆ ಉಜ್ಜಿ ಊದುತ್ತಿದ್ದೆವು. ತೆಂಗಿನ ಗರಿಯನ್ನು ಸುರುಳಿ ಸುತ್ತಿ ಓಲಗ ಮಾಡುತ್ತಿದ್ದೆವು. ಪರಂಗಿ ಎಲೆಯ ಟೊಳ್ಳು ದಂಟನ್ನು ಸೀಳಿ ಊದುತ್ತಿದ್ದೆವು. ಈ ಪೀಪಿಗಳೆಲ್ಲ ಒಂದು ದಿನದ ರಾಜರು. ಸಂಜೆ ಹೊತ್ತಿಗೆ ಬಾಡಿ, ದನಿ ಸತ್ತು, ಬೀದಿಗೆ ಬೀಳುತ್ತಿದ್ದವು. ಕತ್ತಲಾದ ಮೇಲೆ ಊದಿದರೆ ಅಜ್ಜಿ ಗದರುತ್ತಿದ್ದರು: “ರಾತ್ರಿ ಹೊತ್ತು ಸಿಳ್ಳೆ ಹಾಕಬೇಡ್ವೋ, ಹಾವು ಬರುತ್ತೆ.” ಹಾವಿಗೆ ನಮ್ಮಂತೆ ಹೊರಕಿವಿ ಇಲ್ಲ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರೂ ಅಜ್ಜಿಯ ಎದುರು ಆ ವಿಜ್ಞಾನ ನಡೆಯುತ್ತಿರಲಿಲ್ಲ. ಮನೆಯಲ್ಲಿ ಮಲಗಿದವರಿಗೆ ನಿದ್ದೆ ಬೇಕು ಎಂಬುದೇ ಅದರ ನಿಜವಾದ ಅರ್ಥ ಎಂದು ನಾನೇ ತಾತನಾದ ಮೇಲೆ ತಿಳಿಯಿತು.

ಬಾಡದ ಪೀಪಿಯನ್ನು ನಾನು ಕಂಡದ್ದು 1982ರಲ್ಲಿ, ಚನ್ನಪಟ್ಟಣದ ಶಾಖೆಗೆ ವರ್ಗವಾದಾಗ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರ, ಮೈಸೂರು ದಾರಿಯಲ್ಲಿರುವ ಬೊಂಬೆಗಳ ಊರು. ಅಲ್ಲಿನ ಬೊಂಬೆ ಕೆಲಸ ಟಿಪ್ಪು ಸುಲ್ತಾನನ ಕಾಲದಿಂದ ಬಂದದ್ದೆಂದು ಊರಿನವರು ಹೇಳುತ್ತಾರೆ. ಜಪಾನಿನ ಕೆಲಸದ ರೀತಿ ಕಲಿತು ಬಂದು ಊರಿಗೆ ಹೇಳಿಕೊಟ್ಟವರೆಂದು ಬಾವಾಸ್ ಮಿಯಾ ಅವರನ್ನು ಇಂದಿಗೂ ನೆನೆಯುತ್ತಾರೆ. ಈಗ ಈ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಎಂದರೆ, ಬೇರೆ ಊರಿನಲ್ಲಿ ಮಾಡಿದ್ದಕ್ಕೆ ಚನ್ನಪಟ್ಟಣದ ಹೆಸರು ಹಚ್ಚಿ ಮಾರುವಂತಿಲ್ಲ.

ನಮ್ಮ ಕೌಂಟರಿಗೆ ಸಾಲದ ಕಂತು ಕಟ್ಟಲು ಬೊಂಬೆ ಕೆಲಸದವರು ಬರುತ್ತಿದ್ದರು. ಅವರ ಚಲನ್ ಯಾವುದೆಂದು ಹೆಸರು ಓದದೆಯೇ ಹೇಳಬಹುದಿತ್ತು. ಕಾಗದದ ಅಂಚಿನಲ್ಲಿ ಹಳದಿಯದ್ದೋ ಕೆಂಪಿನದ್ದೋ ಹೆಬ್ಬೆರಳ ಗುರುತು ಇದ್ದೇ ಇರುತ್ತಿತ್ತು. ಅವರಲ್ಲಿ ಒಬ್ಬ ಹಿರಿಯರನ್ನು ಊರೆಲ್ಲ ‘ಚಾಚಾ’ ಎಂದೇ ಕರೆಯುತ್ತಿತ್ತು; ನಾನೂ ಹಾಗೇ ಕರೆದೆ. ಒಂದು ದಿನ ಅವರು ಜೇಬಿನಿಂದ ಚಿಲ್ಲರೆ ಎಣಿಸಿ ಹಾಕುವಾಗ ನಾಣ್ಯಗಳ ಜತೆ ಒಂದು ಪೀಪಿ ಉರುಳಿ ಬಂತು. ಕೆಂಪು ಮೈ, ನಡುವೆ ಎರಡು ಹಳದಿ ಪಟ್ಟೆ. ಕೈಗೆತ್ತಿಕೊಂಡೆ. ಅವರು ಇಟ್ಟುಕೊಳ್ಳಿ ಎಂದರು. ಸಾಲ ಪಡೆದವರಿಂದ ನಾವು ಬಿಟ್ಟಿ ಏನನ್ನೂ ತೆಗೆದುಕೊಳ್ಳುವಂತಿರಲಿಲ್ಲ. ಬೆಲೆ ಕೇಳಿದೆ, ಒಂದೂವರೆ ರೂಪಾಯಿ ಎಂದರು. ಕೊಟ್ಟು ಜೇಬಿಗೆ ಹಾಕಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿದರು.

“ಊದಿ ತಗೊಳ್ಳಿ ಸಾರ್. ಊದದೆ ಪೀಪಿ ತಗೊಂಡ್ರೆ ಸೈನ್ ನೋಡ್ದೆ ಚೆಕ್ ತಗೊಂಡಂಗೆ.”

ಬ್ಯಾಂಕಿನ ಒಳಗೆ, ವ್ಯವಹಾರದ ವೇಳೆಯಲ್ಲಿ ಪೀಪಿ ಊದುವುದು ಹೇಗೆ? ಊದಿದೆ. ಕ್ಯಾಷಿಯರ್ ತಲೆ ಎತ್ತಿದರು. ಸಾಲಿನಲ್ಲಿ ನಿಂತಿದ್ದ ಒಂದು ಮಗು ಕಿಲಕಿಲ ನಕ್ಕಿತು.

ಮುಂದಿನ ಭಾನುವಾರ ಚಾಚಾ ಅವರ ಮನೆಯ ಜಗಲಿಯಲ್ಲಿ ಕೂತು ಪೀಪಿ ಆಗುವುದನ್ನು ನೋಡಿದೆ. ಮಕ್ಕಳೇ, ಇದನ್ನು ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮರದ ಹೆಸರು ಆಲೆ. ಕಡಿದರೆ ಹಾಲು ಸುರಿಸುವ ಮರ. ಇದರ ತಿರುಳು ಬೆಳ್ಳಗೆ, ನುಣ್ಣಗೆ ಇರುತ್ತದೆ. ಕಡಿದ ಕೂಡಲೇ ಕೆಲಸಕ್ಕೆ ಬಾರದು. ತಿಂಗಳುಗಟ್ಟಲೆ ಒಣಗಬೇಕು. ಹಸಿ ಮರದಲ್ಲಿ ಮಾಡಿದ ಪೀಪಿ ಒಣಗುತ್ತಾ ಬಿರುಕು ಬಿಡುತ್ತದೆ, ದನಿಯೂ ಕೆಡುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಹಿಡಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತದೆ, ತುಂಡು ದುಂಡಗಾಗುತ್ತದೆ. ಇದನ್ನೇ ಕಡೆಯುವುದು ಎನ್ನುವುದು. ಆಮೇಲೆ ಒಂದು ತುದಿಯಿಂದ ಒಳಗೆ ಕೊರೆದು ಟೊಳ್ಳು ಮಾಡುತ್ತಾರೆ. ಇನ್ನೊಂದು ತುದಿ ಮುಚ್ಚಿಯೇ ಇರುತ್ತದೆ.

ಈಗ ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುವುದಷ್ಟೇ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಅರಗಿನ ಮನೆಯ ಕತೆ ಕೇಳಿದ್ದೀರಲ್ಲ, ಅದೇ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗೆ ಅಂಟಿ ಬದುಕುವ ಪುಟ್ಟ ಹುಳುಗಳು ಸುರಿಸುವ ಅಂಟು ಅದು. ಬ್ಯಾಂಕಿನಲ್ಲಿ ನಗದು ಚೀಲದ ಗಂಟಿಗೆ ನಾನು ಎಷ್ಟೋ ಸಲ ಅರಗು ಕರಗಿಸಿ ಮೊಹರು ಒತ್ತಿದ್ದೆ. ಅದೇ ವಸ್ತು ಇಷ್ಟು ಚೆಂದ ಹೊಳೆಯಬಲ್ಲದೆಂದು ಗೊತ್ತಿರಲಿಲ್ಲ. ಕೊನೆಗೆ ತಾಳೆ ಗರಿಯಿಂದ, ಎಂದರೆ ನಮ್ಮ ಕೇದಗೆ ಗಿಡದ ಎಲೆಯಿಂದ, ಒತ್ತಿ ಉಜ್ಜುತ್ತಾರೆ. ಬಣ್ಣ ಸಮನಾಗಿ ಹರಡಿ ಕನ್ನಡಿಯಂತಾಗುತ್ತದೆ.

ಇಲ್ಲಿಯವರೆಗೆ ಅದು ಬರೀ ಬಣ್ಣದ ಕೊಳವೆ. ಪೀಪಿ ಆಗುವುದು ಮುಂದೆ. ಬಾಯಿಯ ಹತ್ತಿರ, ಮೇಲ್ಗಡೆ, ಒಂದು ಓರೆಯಾದ ಕಂಡಿ ಕತ್ತರಿಸುತ್ತಾರೆ. ಕಂಡಿಯ ಒಂದು ಅಂಚು ಚಾಕುವಿನಂತೆ ಚೂಪಾಗಿರಬೇಕು. ಬಾಯಿಯೊಳಗೆ ಒಂದು ಪುಟ್ಟ ಮರದ ಬೆಣೆ ಕೂರಿಸುತ್ತಾರೆ. ಬೆಣೆಯ ಮೇಲ್ಭಾಗ ಮಾತ್ರ ಚಪ್ಪಟೆ. ಹೀಗಾಗಿ ಬೆಣೆಗೂ ಕೊಳವೆಗೂ ನಡುವೆ ಎರಡು ಮೂರು ಪೋಸ್ಟ್‌ಕಾರ್ಡ್ ದಪ್ಪದ ಸಂದು ಉಳಿಯುತ್ತದೆ. ನಾವು ಊದಿದ ಉಸಿರು ಆ ಸಂದಿನಲ್ಲಿ ನುಗ್ಗಿ ಎದುರಿನ ಚೂಪು ಅಂಚಿಗೆ ಬಡಿಯುತ್ತದೆ. ಒಮ್ಮೆ ಅಂಚಿನ ಮೇಲೆ, ಒಮ್ಮೆ ಕೆಳಗೆ, ಸೆಕೆಂಡಿಗೆ ಸಾವಿರಾರು ಸಲ ಓಲಾಡುತ್ತದೆ. ಕೊಳವೆಯೊಳಗಿನ ಗಾಳಿ ಅದರ ಜತೆ ಕಂಪಿಸುತ್ತದೆ. ಅದೇ ದನಿ. ತೆಂಗಿನ ಗರಿಯ ಪೀಪಿಯಲ್ಲಿ, ನಾಗಸ್ವರದಲ್ಲಿ, ಬಾಯಿಗಿಟ್ಟ ಓಲೆಯೇ ಅದುರುತ್ತದೆ. ಮರದ ಪೀಪಿಯಲ್ಲಿ ಅದುರುವ ಓಲೆಯಿಲ್ಲ, ಎಲ್ಲ ಆಟವೂ ಗಾಳಿಯದೇ. ಆ ಲೆಕ್ಕದಲ್ಲಿ ಅದು ಕೃಷ್ಣನ ಕೊಳಲಿನ ಚಿಕ್ಕ ತಮ್ಮ.

ಚಾಚಾ ಬೆಣೆಯನ್ನು ಒಂದಿಷ್ಟು ಕೆತ್ತಿ ತೂರಿಸುವರು, ಊದುವರು, ತಲೆ ಅಲ್ಲಾಡಿಸುವರು, ತೆಗೆಯುವರು, ಇನ್ನೊಂದು ಎಳೆಯಷ್ಟು ಕೆತ್ತುವರು, ಮತ್ತೆ ಊದುವರು. ನಾಲ್ಕನೆಯ ಸಲಕ್ಕೆ ಪೀಪಿ ಬಾಯಿಬಿಟ್ಟಿತು. ಬೆಣೆ ಕೂರುವ ಬಗೆ ಒಂದರದ್ದು ಇನ್ನೊಂದರ ಹಾಗಿರುವುದಿಲ್ಲ. ಆದ್ದರಿಂದ ಒಂದೇ ಕೈ, ಒಂದೇ ದಿನ, ಒಂದೇ ಕೊಂಬೆಯಿಂದ ಮಾಡಿದ ಎರಡು ಪೀಪಿಗಳೂ ಒಂದೇ ದನಿಯಲ್ಲಿ ಕೂಗುವುದಿಲ್ಲ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಪೀಪಿಗಳು ಸಾವಿರವಾದರೂ ದನಿ ಹೆಚ್ಚುಕಡಿಮೆ ಒಂದೇ. ಈ ವ್ಯತ್ಯಾಸ ಆಗ ನನಗೆ ಬರೀ ಸೊಗಸಾಗಿ ಕಂಡಿತ್ತು. ಅದರ ಉಪಯೋಗ ತಿಳಿಯಲು ನಲವತ್ತು ವರ್ಷ ಹಿಡಿಯಿತು.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ನನ್ನ ಹೆಂಡತಿಗೆ ಕತ್ತಿನಲ್ಲಿದ್ದ ಥೈರಾಯ್ಡ್ ಗಡ್ಡೆ ತೆಗೆಯುವ ಆಪರೇಷನ್ ಆಯಿತು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಕೆಲವರಿಗೆ ಕೆಲವು ತಿಂಗಳು ದನಿ ಏಳುವುದಿಲ್ಲ, ನಿಧಾನಕ್ಕೆ ಬರುತ್ತದೆ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಹಾಗೆಯೇ ಆಯಿತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದವರು ಅವರು. ಕೊನೆಯ ಬೆಂಚಿನ ಹುಡುಗ ಡೆಸ್ಕಿನ ಕೆಳಗೆ ಹುಣಸೆಹಣ್ಣು ತಿಂದರೂ ಹೆಸರು ಹಿಡಿದು ಕೂಗುವಂಥ ಗಂಟಲು. ಈಗ ಪಿಸುಮಾತಿಗಿಂತ ಮೇಲೆ ಏಳುತ್ತಿರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ನನ್ನ ಹೆಸರು ‘ರೀ’. ಆ ‘ರೀ’ ನಿಂತುಹೋದಾಗ ಮನೆ ಎಷ್ಟು ದೊಡ್ಡದು ಅನ್ನಿಸಿತು!

ಮೊದಲು ದೇವರ ಮನೆಯ ಗಂಟೆಯನ್ನು ಅವರ ಮಂಚದ ಪಕ್ಕ ಇಟ್ಟೆವು. ಅದು ಬಾರಿಸಿದಾಗಲೆಲ್ಲ ಪಕ್ಕದ ಮನೆಯವರು ಮಂಗಳಾರತಿ ಎಂದು ಕೈ ಮುಗಿದರು. ಲೋಟಕ್ಕೆ ಚಮಚ ಬಡಿದು ನೋಡಿದರು. ಮೊಬೈಲಿಗೆ ಮಿಸ್ಡ್ ಕಾಲ್ ಕೊಟ್ಟು ನೋಡಿದರು. ನನ್ನ ಮೊಬೈಲ್ ಯಾವಾಗಲೂ ನಾನು ಇಲ್ಲದ ಕೋಣೆಯಲ್ಲೇ ಇರುತ್ತದೆ. ಆಗ, ಆರನೇ ತರಗತಿಯಲ್ಲಿದ್ದ ಮೊಮ್ಮಗಳು ಬಿಸ್ಕತ್ತಿನ ಡಬ್ಬಿ ಹೊತ್ತು ತಂದಳು. “ತಾತ, ಊದೋಕೆ ಗಂಟಲು ಬೇಕಾಗಲ್ಲ, ಬರೀ ಉಸಿರು ಸಾಕು.” ಡಾಕ್ಟರನ್ನು ಕೇಳಿದೆವು. ಗಾಯ ಮಾಗಿದ ಮೇಲೆ ಮೆಲ್ಲಗೆ ಊದಬಹುದು ಎಂದರು.

ಯಾವ ಪೀಪಿ ಕೊಡುವುದು? ಅವಳಿಗೆ ಸಣ್ಣದು ಇಷ್ಟ. ಹೆಬ್ಬೆರಳಿನಷ್ಟು ಉದ್ದದ ಹಸಿರು ಪೀಪಿ. ಊದಿದರೆ ಕಿವಿಗೆ ಸೂಜಿ ಚುಚ್ಚಿದಂತೆ. ನಾನು ಲೆಕ್ಕದ ಮನುಷ್ಯ. ಪರೀಕ್ಷೆ ಮಾಡೋಣ ಎಂದೆ. ಹನ್ನೊಂದಕ್ಕೂ ಚೀಟಿ ಅಂಟಿಸಿ ನಂಬರು ಹಾಕಿದೆವು. ಅವಳು ತಾರಸಿಗೆ ಹೋದಳು. ನಾನು ಕೆಳಗೆ ಮುಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತೆ. ಕ್ರಮಸಂಖ್ಯೆ, ಉದ್ದ, ಕೇಳಿಸಿತು, ಕೇಳಿಸಲಿಲ್ಲ. ಒಂದೊಂದನ್ನೂ ಮೂರು ಮೂರು ಸಲ ಊದುವುದು ಎಂದು ಒಪ್ಪಂದ.

ಅವಳು ಇಳಿದು ಬಂದು ಪುಸ್ತಕ ನೋಡಿ, “ತಾತ, ತಮಾಷೆ ಮಾಡಬೇಡ” ಎಂದಳು. ಅತ್ಯಂತ ಚಿಕ್ಕ ಮೂರು ಪೀಪಿಗಳ ಮುಂದೆ ‘ಕೇಳಿಸಲಿಲ್ಲ’ ಎಂದು ಬರೆದಿತ್ತು. ಬೀದಿಯ ಕೊನೆಯ ಮನೆಯ ನಾಯಿ ಬೊಗಳುವಷ್ಟು ಜೋರಾಗಿ ಊದಿದ್ದಳಂತೆ. ನಾಯಿ ಬೊಗಳಿದ್ದು ನನಗೆ ಕೇಳಿಸಿತ್ತು. ಪೀಪಿಯ ದನಿ ಕೇಳಿಸಿರಲಿಲ್ಲ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣವಾದ, ಮೇಲಿನ ಸ್ವರಗಳನ್ನು. ಎಳೆಯ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ದನಿ ಕೇಳಿಸುತ್ತದೆ. ವಯಸ್ಸು ಏರಿದಂತೆ ಆ ಮಿತಿ ಕೆಳಕ್ಕಿಳಿಯುತ್ತಾ ಬರುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಹಕ್ಕಿಯ ಚಿಲಿಪಿಲಿ, ಗಡಿಯಾರದ ಅಲಾರಂ, ಮಕ್ಕಳ ಕೀಚಲು ದನಿ, ಎಲ್ಲ ಒಂದೊಂದಾಗಿ ದೂರ ಸರಿಯುತ್ತವೆ. ಪೀಪಿಯ ಲೆಕ್ಕ ಸುಲಭ. ಕೊಳವೆ ಉದ್ದವಾದಷ್ಟೂ ದನಿ ತಗ್ಗು, ಗಿಡ್ಡವಾದಷ್ಟೂ ದನಿ ತೀಕ್ಷ್ಣ. ಉದ್ದ ಅರ್ಧಕ್ಕಿಳಿದರೆ ಸ್ವರ ಸುಮಾರು ಒಂದು ಸ್ಥಾಯಿ ಮೇಲೇರುತ್ತದೆ. ಸಂಗೀತ ಕಲಿಯುವವರ ಮಾತಿನಲ್ಲಿ, ಕೆಳಗಿನ ‘ಸ’ ಹೋಗಿ ಮೇಲಿನ ‘ಸ’ ಬರುತ್ತದೆ. ನೀವೂ ನೋಡಬಹುದು. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿ. ಸ್ವಲ್ಪ ನೀರು ಹಾಕಿ ಮತ್ತೆ ಊದಿ. ಗಾಳಿಗೆ ಉಳಿದ ಜಾಗ ಕಡಿಮೆಯಾದಂತೆ ದನಿ ಏರುತ್ತದೆ. ಪೆನ್ನಿನ ಮುಚ್ಚಳದಿಂದಲೂ ಆಗುತ್ತದೆ. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ, ತರಗತಿಯಲ್ಲಿ ನೀವೇ ಮಾಡಿ ಬೈಸಿಕೊಂಡಿರುತ್ತೀರಿ.

ನಮ್ಮ ಪುಸ್ತಕದ ಪ್ರಕಾರ ನನಗೆ ಮೂರಕ್ಕೆ ಮೂರೂ ಸಲ ಸ್ಪಷ್ಟವಾಗಿ ಕೇಳಿಸಿದ್ದು 7ನೇ ನಂಬರು. ಎಂಟು ಸೆಂಟಿಮೀಟರ್ ಉದ್ದ, ಕೆಂಪು ಮೈ, ಎರಡು ಹಳದಿ ಪಟ್ಟೆ. ಚಾಚಾ ಅವರಿಂದ ಒಂದೂವರೆ ರೂಪಾಯಿಗೆ ಕೊಂಡದ್ದು. ಅಷ್ಟೇ ಉದ್ದದ 8ನೇ ನಂಬರು ಎರಡೇ ಸಲ ಕೇಳಿಸಿತ್ತು. ಅಳತೆ ಒಂದೇ, ಬೆಣೆ ಬೇರೆ.

ಹೀಗೆ 7ನೇ ನಂಬರಿನ ಪೀಪಿ ಅಜ್ಜಿಯ ಸೆರಗಿನ ತುದಿಗೆ ಗಂಟಾಯಿತು. ಮೊಮ್ಮಗಳು ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿದಳು. ಒಂದು ಸಲ: ರೀ, ಬನ್ನಿ. ಎರಡು ಸಲ: ಕಾಫಿ ಆಗಿದೆ. ಮೂರು ಸಲ: ಬಾಗಿಲಿಗೆ ಯಾರೋ ಬಂದಿದ್ದಾರೆ. ಕುಕ್ಕರಿನ ಕೂಗಿಗೂ ಅಜ್ಜಿಯ ಕೂಗಿಗೂ ಗೊಂದಲವಾಗುವುದೆಂದು ಮಗ ಹೆದರಿಸಿದ. ಒಂದು ದಿನವೂ ಆಗಲಿಲ್ಲ. ಕೈಯಿಂದ ಮಾಡಿದ ಪೀಪಿಗೆ ಅದರದೇ ಒಂದು ಮುಖ ಇರುತ್ತದೆ. ಎರಡು ದಿನ ಕೇಳಿದರೆ ಕಿವಿ ಅದನ್ನು ಮರೆಯುವುದಿಲ್ಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಗ, ಸೊಸೆ ಆಫೀಸಿಗೆ ಹೋಗಿದ್ದರು. ಮೊಮ್ಮಗಳು ಗೆಳತಿಯ ಮನೆಯಲ್ಲಿದ್ದಳು. ನಾನು ಕೆಳಗೆ ಪೇಪರ್ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಮೋಡ ಕವಿದು ನಾಲ್ಕು ದಪ್ಪ ಹನಿ ಬಿತ್ತು. ತಾರಸಿಯಲ್ಲಿ ಸಂಡಿಗೆ ಒಣಹಾಕಿತ್ತು. ಅವರು ಹಿಂದಿನ ಮೆಟ್ಟಿಲಿನಿಂದ ಹತ್ತಿ ಹೋದದ್ದು ನನಗೆ ಗೊತ್ತಿಲ್ಲ. ಪೀಪಿ ಕೇಳಿಸಿತು. ಒಂದು. ಎರಡು, ಕಾಫಿ ಅಂದುಕೊಂಡೆ. ಮೂರು, ಬಾಗಿಲ ಕಡೆ ನೋಡಿದೆ. ನಾಲ್ಕು. ಐದು. ನಮ್ಮ ಪಟ್ಟಿಯಲ್ಲಿ ಮೂರರಿಂದಾಚೆಗೆ ಏನೂ ಇರಲಿಲ್ಲ. ದನಿ ಮೇಲಿನಿಂದ ಬರುತ್ತಿತ್ತು.

ನನ್ನ ಮಂಡಿಗಳು ಎಷ್ಟೋ ವರ್ಷದಿಂದ ಹಾಗೆ ಮೆಟ್ಟಿಲು ಹತ್ತಿರಲಿಲ್ಲ. ಒದ್ದೆ ನೆಲದಲ್ಲಿ ಜಾರಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಊದಿಕೊಂಡಿತ್ತು, ಕಾಲು ಊರಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಸೆರಗಿನ ತುದಿ ಹಿಡಿದು ಊದುತ್ತಲೇ ಇದ್ದರು. ನನ್ನನ್ನು ಕಂಡ ಮೇಲೆ ಪೀಪಿ ಬಾಯಿಂದ ತೆಗೆದು ಪಿಸುಗುಟ್ಟಿದರು: “ಸಂಡಿಗೆ ನೆಂದುಹೋಯ್ತು ರೀ.”

ಪೀಪಿ ಕೇಳಿ ಪಕ್ಕದ ಮನೆಯ ಹುಡುಗನೂ ಓಡಿಬಂದಿದ್ದ. ಇಬ್ಬರೂ ಸೇರಿ ಕೆಳಗಿಳಿಸಿದೆವು. ಮಣಿಕಟ್ಟಿನ ಮೂಳೆ ಸೀಳಿತ್ತು, ಪಾದ ಉಳುಕಿತ್ತು. ಆರು ವಾರ ಪ್ಲಾಸ್ಟರ್. ಮಳೆ ಅರ್ಧ ಗಂಟೆ ಜೋರಾಗಿ ಸುರಿಯಿತು. ಆ ಅರ್ಧ ಗಂಟೆ ಅವರು ಮೇಲೆ ಒಬ್ಬರೇ ಬಿದ್ದಿದ್ದರೆ ಎಂದು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಅವರ ದನಿ ಆಷಾಢದ ಹೊತ್ತಿಗೆ ಮರಳಿತು, ತುಸು ಒರಟಾಗಿ. ಈಗ ಮತ್ತೆ ‘ರೀ’ ಕೇಳಿಸುತ್ತದೆ. ಪೀಪಿ ಮಾತ್ರ ಸೆರಗು ಬಿಟ್ಟಿಲ್ಲ. ಫ್ರಿಜ್ಜಿನ ಮೇಲಿನ ಪಟ್ಟಿಗೆ ಮೊಮ್ಮಗಳು ನಾಲ್ಕನೆಯ ಸಾಲು ಸೇರಿಸಿದ್ದಾಳೆ: ನಿಲ್ಲಿಸದೆ ಊದಿದರೆ, ಎಲ್ಲ ಬಿಟ್ಟು ಓಡಿ.

ಇದೇನೂ ನಾವು ಕಂಡುಹಿಡಿದ ಹೊಸ ವಿದ್ಯೆಯಲ್ಲ. ವಿಮಾನದಲ್ಲಿ ಸೀಟಿನ ಕೆಳಗೆ ಇಡುವ ಜೀವರಕ್ಷಕ ಜಾಕೆಟ್ಟಿಗೆ ಒಂದು ಪೀಪಿ ಕಟ್ಟಿರುತ್ತಾರೆ. ಪರ್ವತ ಹತ್ತುವವರು ಅಪಾಯಕ್ಕೆ ಸಿಕ್ಕಾಗ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುತ್ತಾರೆ. ಕೂಗಿ ಕೂಗಿ ಗಂಟಲು ಬೇಗ ಸೋಲುತ್ತದೆ, ಉಸಿರು ಅಷ್ಟು ಬೇಗ ಸೋಲುವುದಿಲ್ಲ. ಮೊಬೈಲಿನ ಚಾರ್ಜು ಮುಗಿಯುತ್ತದೆ. ಪೀಪಿಗೆ ಚಾರ್ಜು ಬೇಕಿಲ್ಲ. ಒಂಟಿಯಾಗಿರುವ, ಇಲ್ಲವೇ ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಉಳಿಯುವ ನನ್ನ ವಯಸ್ಸಿನವರಿಗೆ ಕೇಳಿಕೊಳ್ಳುವುದಿಷ್ಟೇ: ಮಂಚದ ಪಕ್ಕ ಒಂದು, ಬಚ್ಚಲಿನಲ್ಲಿ ನೆಲದಿಂದ ಕೈಗೆಟುಕುವ ಕಡೆ ಒಂದು ಇಟ್ಟುಕೊಳ್ಳಿ. ಬಿದ್ದವರಿಗೆ ಎತ್ತರದ ಮೊಳೆ ಎಟುಕುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮೈಸೂರಿನಿಂದ ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೋದೆ. ನಮ್ಮ ಬೀದಿಯ ಆರು ಮಂದಿ ಹಿರಿಯರಿಗೆ ಪೀಪಿ ತರಬೇಕಿತ್ತು. ಹಿಂದೆ ಬೆಂಗಳೂರು-ಮೈಸೂರು ಬಸ್ಸು, ಕಾರುಗಳೆಲ್ಲ ಊರಿನ ನಡುವೆಯೇ ಹಾಯುತ್ತಿದ್ದವು. ಕಿಟಕಿಯಿಂದ ಬಣ್ಣದ ಕುದುರೆ ಕಂಡ ಮಕ್ಕಳು ಹಟ ಮಾಡಿ ಗಾಡಿ ನಿಲ್ಲಿಸುತ್ತಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾದ ಮೇಲೆ ದೂರದ ಗಾಡಿಗಳು ಊರಿನ ಹೊರಗಿನಿಂದಲೇ ಹೋಗುತ್ತವೆ. ಹೊಸ ರಸ್ತೆಯಿಂದ ನಮಗೆ ಸಮಯ ಉಳಿಯಿತು, ನಿಜ. ಆದರೆ ಅದರಲ್ಲಿ ಹೋಗುವ ಮಕ್ಕಳಿಗೆ ಆ ಕುದುರೆ ಕಾಣುವುದಿಲ್ಲ. ಬೊಂಬೆ ಬೇಕಾದವರು ಈಗ ಮನಸ್ಸು ಮಾಡಿ ಊರೊಳಗೆ ತಿರುಗಬೇಕು.

ಚಾಚಾ ಈಗಿಲ್ಲ. ಅವರ ಮಗ ಅದೇ ಜಗಲಿಯಲ್ಲಿ ಮೋಟಾರಿನ ಲೇತ್ ಇಟ್ಟುಕೊಂಡಿದ್ದಾರೆ. ಪೀಪಿಗೆ 40 ರೂಪಾಯಿ ಎಂದರು. ನಾನು ಗಡಿಯಾರ ನೋಡಿಕೊಂಡೆ. ಕಡೆಯಲು, ಕೊರೆಯಲು, ಅರಗು ಹತ್ತಿಸಲು ಮೋಟಾರು ಇದೆ, ಎಂಟು ನಿಮಿಷ. ಬೆಣೆ ಕೆತ್ತಿ ಊದಿ, ಕೆತ್ತಿ ಊದಿ ಸರಿ ಮಾಡಲು ಇನ್ನೂ ಹನ್ನೆರಡು. ಅದಕ್ಕೆ ಮೋಟಾರಿಲ್ಲ. ಇಪ್ಪತ್ತು ನಿಮಿಷದ ಕೆಲಸ, ಮರ, ಅರಗು, ಕರೆಂಟು, ಎಲ್ಲ ಸೇರಿ 40 ರೂಪಾಯಿ. ನನ್ನ ಬಿ.ಕಾಂ. ಲೆಕ್ಕಕ್ಕೆ ಅದು ಹೊಂದಲಿಲ್ಲ. “ಪೀಪೀಲಿ ಲಾಭ ಇಲ್ಲ ಸಾರ್. ಮಕ್ಕಳು ಕೇಳ್ತವೆ, ಅದಕ್ಕೆ ಮಾಡ್ತೀವಿ” ಎಂದರು. ಚೌಕಾಸಿ ಮಾಡದೆ ಕೊಟ್ಟೆ. ನೀವು ಹೋದಾಗಲೂ ಚೌಕಾಸಿ ಮಾಡಬೇಡಿ.

ಕೊಂಡ ಪೀಪಿಯನ್ನು ನೋಡಿಕೊಳ್ಳುವುದು ಕಷ್ಟವಲ್ಲ. ನೀರಿನಲ್ಲಿ ತೊಳೆಯಬೇಡಿ, ಬೆಣೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಬಹಳ ಹೊತ್ತು ಊದಿದಾಗ ಎಂಜಲಿನ ತೇವಕ್ಕೂ ದನಿ ಕಟ್ಟುತ್ತದೆ. ಹೆದರಬೇಡಿ, ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿಟ್ಟರೆ ಸರಿಹೋಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅರಗು ಬಿಸಿಗೆ ಮೆತ್ತಗಾಗುವ ವಸ್ತು. ಯಾರ ಕಿವಿಯ ಹತ್ತಿರವೂ ಊದಬೇಡಿ. ಎಲ್ಲವನ್ನೂ ಬಾಯಿಗೆ ಹಾಕುವ ಪುಟ್ಟ ಪಾಪುವಿಗೆ ಕೊಡಬೇಡಿ. ಷೋಕೇಸಿನಲ್ಲಿ ಬೀಗ ಹಾಕಿ ಇಡಲೂಬೇಡಿ. ಊದದ ಪೀಪಿ ಬರೀ ಬಣ್ಣದ ಕಟ್ಟಿಗೆ.

ಇನ್ನು ಆರಿಸುವ ಬಗೆ. ಅದನ್ನು ನನ್ನ ಮೊಮ್ಮಗಳಿಂದಲೇ ಕಲಿಯಬೇಕು. ಆವತ್ತು ಅವಳು ಅಂಗಡಿಯೊಳಗೆ ನಿಂತು ನನ್ನನ್ನು ರಸ್ತೆಯ ಆಚೆ ಬದಿಗೆ ಕಳಿಸಿದಳು. ಒಂದೊಂದೇ ಪೀಪಿ ಎತ್ತಿ ಊದಿದಳು. ಕೇಳಿಸಿದರೆ ನಾನು ಕೈ ಎತ್ತಬೇಕು. ನಡುವೆ ಆಟೋ, ಸ್ಕೂಟರು, ಹಾಲಿನ ಗಾಡಿ. ಇಪ್ಪತ್ತು ಮೂವತ್ತು ಪೀಪಿ ಊದಿರಬೇಕು. ನಾನು ಕೈ ಎತ್ತಿದ್ದು ಒಂಬತ್ತಕ್ಕೆ. ಅದರಲ್ಲಿ ಆರನ್ನು ಆರಿಸಿದಳು. ಬಣ್ಣ ಅವಳಿಗೆ ಹಿಡಿಸಲಿಲ್ಲ, ಆದರೂ ಅವನ್ನೇ ಕಟ್ಟಿಸಿದಳು.

ನೀವೂ ಹಾಗೇ ಮಾಡಿ ಮಕ್ಕಳೇ. ನಿಮಗೊಂದು ಪೀಪಿಯನ್ನು ನಿಮಗೆ ಬೇಕಾದ ಬಣ್ಣದ್ದೇ ಕೊಳ್ಳಿ. ಅಜ್ಜಿ ತಾತಂದಿರಿಗೆ ಕೊಳ್ಳುವಾಗ ಮಾತ್ರ ಅವರನ್ನು ಸ್ವಲ್ಪ ದೂರ ನಿಲ್ಲಿಸಿ ಊದಿ. ಅವರಿಗೆ ಕೇಳಿಸಿದ್ದನ್ನೇ ತನ್ನಿ.